ಒಂದು ಕಿಲೋ ಇನ್ನೂರು ಗ್ರಾಂ

ರೂವಿಯ ಹಿಂಗಲ್ಲಿಯ ಅಂಗಡಿಯಲ್ಲಿ
ಮುರಾದ್ ಬಲೂಚಿ ಮೊದಲು ಕೇಳಿದ್ದು
ಯಾವ ಪ್ರೊಸೆಸರ್ ಎಂದಲ್ಲ,
ಎಷ್ಟು ರಿಯಾಲ್ ಇದೆ ಎಂದೂ ಅಲ್ಲ.
'ಯಾವ ರಸ್ತೆ?'

ಹೈಮಾ ದಾಟಿ, ಡಾಂಬರು ಮುಗಿದ ಮೇಲೆ
ಇನ್ನೂ ತೊಂಬತ್ತು ಕಿಲೋಮೀಟರು, ಅಂದೆ.
ಮೂರು ವಾರಕ್ಕೊಮ್ಮೆ ಕ್ಯಾಂಪು ಕೀಳುತ್ತೇವೆ.
ಟೆಂಟು, ಜನರೇಟರು, ಈರುಳ್ಳಿ ಚೀಲ,
ಅವುಗಳ ನಡುವೆ ಕಂಬಳಿ ಹೊದ್ದು ಇದು.
ಲ್ಯಾಪ್‌ಟಾಪ್ ಯಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ.
ಡ್ರೋನು ತಂದು ಸುರಿಯುವ ಚುಕ್ಕಿಗಳು ನಲವತ್ತು ಕೋಟಿ;
ಎರಡು ಲ್ಯಾಪ್‌ಟಾಪು ಆಗಲೇ
ರೊಟ್ಟಿಯ ಹಂಚಿನ ಹಾಗೆ ಕಾದು ಸತ್ತಿವೆ.

ಅವನು ಪಕ್ಕದ ಮುಚ್ಚಳ ಬಿಚ್ಚಿದ.
ಹಿಡಿ ಸಡಿಲಿ ಕಿತ್ತು ಬಿದ್ದ ಹಳೆಯ ಕೂಲರ್,
ಒಂದು ಕಿಲೋ ಇನ್ನೂರು ಗ್ರಾಂ, ಎರಡು ಫ್ಯಾನು,
ಆರು ತಾಮ್ರದ ಕೊಳವೆ, ನನ್ನ ಅರ್ಧ ತಿಂಗಳ ಊಟ,
ಗ್ರಾಫಿಕ್ಸ್ ಕಾರ್ಡಿನ ಮೇಲೆ ಮಗ್ಗುಲಾಗಿತ್ತು
ತಡರಾತ್ರಿ ಬಂದು ಜಾಗ ಸಿಕ್ಕಲ್ಲಿ ಮಲಗಿದ ನೆಂಟನಂತೆ.

'ನಿಂತ ಗೋಡೆಗೆ ಅಡ್ಡಡ್ಡ ಇಷ್ಟು ಭಾರ ನೇತುಹಾಕಿ
ಆ ರಸ್ತೆಯಲ್ಲಿ ಓಡಿಸಿದ್ದೀಯ,' ಅಂದ.
ಥಟ್ಟನೆ ನೆನಪಾಯಿತು
ಹುಮನಾಬಾದಿನ ನಮ್ಮ ಸೋದರತ್ತೆಯ ಕಿವಿ:
ಬುಗುಡಿ, ಬೆಂಡೋಲೆ, ಸರಪಳಿ, ಎಲ್ಲ ಅಸಲಿ;
ಟಂಟಂ ಹತ್ತಿ ಮದುವೆ ಮದುವೆಗೆ ತಿರುಗಿ
ತೂತು ಗೀರಾಗಿ, ಗೀರು ಹರಿದು ಎರಡಾಗಿ.
ಬಂಗಾರದ್ದೇನೂ ತಪ್ಪಿರಲಿಲ್ಲ.

ಗಾಜಿನ ಮೇಲೆ ಮೂರು ಡಬ್ಬಿ ಇಟ್ಟ.
ಮೊದಲನೆಯದು ಹಳೆಯದರ ಅಣ್ಣ, ಇನ್ನೂ ಎತ್ತರ.
ನಾನು ಕೈ ಹಾಕುವ ಮೊದಲೇ ಹಿಂದಕ್ಕೆ ಸರಿಸಿದ.
ಎರಡನೆಯದು ನೀರಿನದು. ಬೋರ್ಡಿನ ಮೇಲೆ ಹಗುರ,
ಭಾರವೆಲ್ಲ ಹೊರಗಿನ ಚೌಕಟ್ಟಿಗೆ.
ಆಸೆಯಾಯಿತು. ಮರಳುಗಾಡಿನಲ್ಲಿ
ಯಾರಿಗೆ ತಾನೆ ನೀರಿನ ಆಸೆ ಇಲ್ಲ?
'ಪಂಪು ನಿಂತರೆ ಅಲ್ಲಿ ಯಾರನ್ನು ಕೇಳುತ್ತೀ, ಒಂಟೆಯನ್ನೇ?'

ಮೂರನೆಯದು ಕುಳ್ಳ. ನಾಲ್ಕು ಬೆರಳು ಎತ್ತರ,
ನಾನೂರು ಗ್ರಾಂ. ಬೋರ್ಡಿನ ಬೆನ್ನಿಗೊಂದು ಉಕ್ಕಿನ ಪಟ್ಟಿ,
ನಾಲ್ಕು ಮೂಲೆಗೆ ನಾಲ್ಕು ತಿರುಪು.
ಫ್ಯಾನು ಕೆಳಮುಖ. ಸದ್ದು ಜಾಸ್ತಿ.
'ಹತ್ತು ಡಿಗ್ರಿ ಹೆಚ್ಚೇ ಬಿಸಿ,' ಎಂದು ಒಪ್ಪಿಕೊಂಡ,
'ಪ್ರೊಸೆಸರಿಗೆ ಸ್ವಲ್ಪ ಲಗಾಮು ಹಾಕು. ಮತ್ತೆ
ಗಾಡಿಯಲ್ಲಿ ನಿಲ್ಲಿಸಬೇಡ, ಮಲಗಿಸು.'

ಹೊರಗೆ ನಲವತ್ತೇಳು.
ಬಿಸಿಯ ಬಗ್ಗೆ ಯಾರೂ ನನಗೆ
ಹೀಗೆ ಮುಂಚೆಯೇ ಹೇಳಿರಲಿಲ್ಲ,
ಇಲ್ಲಿಗೆ ಕರೆತಂದ ಏಜೆಂಟ್ ಅಂತೂ ಅಲ್ಲವೇ ಅಲ್ಲ.
ಹನ್ನೊಂದೂವರೆ ರಿಯಾಲ್ ಎಣಿಸಿ ಕೊಟ್ಟೆ.

ಈಗ ಶಫೀಕುಲ್ ಪಿಕಪ್ ಓಡಿಸುವಾಗ
ಅದು ಹಿಂದಿನ ಸೀಟಿನಲ್ಲಿ ಅಂಗಾತ, ಬೆಲ್ಟು ಬಿಗಿದುಕೊಂಡು.
ಉಬ್ಬು ಬಂದಾಗೆಲ್ಲ ತಿರುಗಿ ನೋಡುತ್ತೇನೆ.
'ಏನು, ಜ್ವರ ಬಂದ ಮಗುವೇ?' ಅನ್ನುತ್ತಾನೆ,
ಅನ್ನುತ್ತಲೇ ಗೇರು ಇಳಿಸುತ್ತಾನೆ.

ಕ್ಯಾಂಪಿನಲ್ಲಿ ಮುಚ್ಚಳ ಬಿಚ್ಚಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿ.
ಲೆಕ್ಕ ಮುಗಿಯಲು ನಲವತ್ತು ನಿಮಿಷ ಹೆಚ್ಚು ಹಿಡಿಯಿತು.
ಅಷ್ಟೂ ಹೊತ್ತು ಫ್ಯಾನು ಕಣಜದ ಹಾಗೆ ಗುಂಯ್‌ಗುಟ್ಟಿತು,
ನಾನು ಸುಲೇಮಾನಿ ಕುಡಿದೆ, ಎರಡು ಸಲ.

ಆಮೇಲೆ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ
ಬಂದದ್ದು ಅದೇ ರಸ್ತೆ.
ಹಿಗ್ಗಿಸಿದೆ. ಅರವತ್ತೆರಡನೆಯ ಕಿಲೋಮೀಟರು:
ಸೀರೆಯ ನೆರಿಗೆಯಂತೆ ಸಾಲು ಸಾಲು ಏರಿಳಿತ,
ಒಂದೊಂದೂ ಹನ್ನೊಂದು ಸೆಂಟಿಮೀಟರು.
ಇಲ್ಲೇ ಕಿತ್ತದ್ದು. ಟಕ್ಕೆಂದು ಕೇಳಿಸಿತ್ತು,
ನೀರಿನ ಕ್ಯಾನು ಉರುಳಿತು ಅಂದುಕೊಂಡಿದ್ದೆ.
ಕೆಂಪು ಗುರುತು ಹಾಕಿದೆ: ದುರಸ್ತಿ, ತುರ್ತು.
ಕಾರಣ ಎಂಬ ಖಾನೆಯನ್ನು ಖಾಲಿ ಬಿಟ್ಟೆ.

ಹಳೆಯದನ್ನು ಎಸೆಯಲಿಲ್ಲ. ಮಧ್ಯಾಹ್ನದ ಗಾಳಿಗೆ
ತಗಡಿನ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದೇನೆ.
ಕೂರಲು ನೆಲ ಸಿಕ್ಕಿದೆ ಅದಕ್ಕೆ;
ಜಪ್ಪಯ್ಯ ಅಂದರೂ ಅಲುಗುವುದಿಲ್ಲ.